ಹಂಚಿ ತಿಂದ ಗುಳಿಗೆ

ಹೊಳೆ ದಂಡೆಯ ಒಂದು ಮಠ. ಅಲ್ಲಿ ಉಂಡವರಿಗಿಂತ ಉಣಿಸಿದವರಿಗೇ ಹೆಚ್ಚು ಸುಖ. ಶಿಷ್ಯ ಚೆನ್ನಮಲ್ಲನಿಗೆ ಮಾತ್ರ ಎರಡೂ ಸುಖ ಬೇಕು. ಅವನ ಮೈ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು.

ಗುರುಗಳಾದ ರುದ್ರಮುನಿ ಅಜ್ಜಾರು ಪ್ರತಿ ವರ್ಷ ಮಲ್ಲಯ್ಯನ ಗುಡ್ಡಕ್ಕೆ ನಡೆದು ಹೋಗುವರು. ಅವರ ಜೋಳಿಗೆ ಹೊರುವ ಭಾಗ್ಯ ಚೆನ್ನಮಲ್ಲನದು. ಹೋದ ಸಲ ಮೈಭಾರಕ್ಕೆ ಅವನ ಮೊಣಕಾಲು ಕೈಕೊಟ್ಟವು. ಜೋಳಿಗೆ ಬೇರೆಯವನ ಹೆಗಲೇರಿತು. ಇವನು ದಂಡೆಯಲ್ಲಿ ನಿಂತು ಮಗುವಿನಂತೆ ಅತ್ತ.

ಮೈ ಇಳಿಯಲೆಂದು ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್ನಿಗೆ ಡಾಕ್ಟರು ಒಪ್ಪಿದರು. ಮೊದಲು ಬಾಯಿಂದ ನಳಿಗೆ ಇಳಿಸಿ ಒಳಗೆ ನೋಡಿದರು. ಹೊಟ್ಟೆಗೆ ಸೋಂಕು ತಗಲಿ, ಒಳಪದರ ಕೆಂಪಗೆ ಬಾತಿತ್ತು.

"ಬಾತ ಹೊಟ್ಟಿಗೆ ಕತ್ತರಿ ಹಾಕಿದ್ರ ಗಾಯ ಚಂದಾಗಿ ಮಾಯದs ಹೋಗಬಹುದು, ಹುಣ್ಣೂ ಆಗಬಹುದು. ಮೊದಲ ಸೋಂಕು ಹೋಗ್ಲಿ" ಎಂದು ಗುಳಿಗೆ ಕೊಟ್ಟು ಕಳಿಸಿದರು.

ಗುಳಿಗೆ ಮುಗಿದವು. ಮತ್ತೆ ಪರೀಕ್ಷೆ ಮಾಡಿದರೆ ಸೋಂಕು ಇದ್ದಲ್ಲೇ ಇತ್ತು. ಆಪರೇಷನ್ ಮುಂದಕ್ಕೆ ಹೋಯಿತು.

ಚೆನ್ನಮಲ್ಲ ಅಜ್ಜಾರ ಮುಂದೆ ಕುಸಿದು ಕೂತ.

"ಬ್ಯಾರೆ ದವಾಖಾನಿಗೆ ಹೋಗ್ತೀನ್ರಿ ಅಜ್ಜಾರ. ಅಲ್ಲಿ ಒಳಗ ನೋಡದs ಕೊಯ್ತಾರಂತ. ಈ ವರ್ಷನೂ ನಿಮ್ಮ ಜೋಡಿ ನಡೀಲಿಲ್ಲ ಅಂದ್ರ ನನ್ನ ಜೀವ ತಡಿಯೂದಿಲ್ರಿ."

"ಗುಳಿಗಿ ಎಲ್ಲಾ ತಗೊಂಡ್ಯೇನು?"

"ನನ್ನ ಪಾಲಿಂದು ತಗೊಂಡೀನ್ರಿ."

"ಪಾಲೇನೋ?"

"ಅಡಗಿಮನಿ ಸಂಗಯ್ಯಗ ಎದಿ ಉರೀತಿತ್ರಿ. ದನಾ ಕಾಯೋ ನಿಂಗಪ್ಪಗ ಹುಳಿತೇಗು. ಮಠದಾಗ ಒಬ್ಬನs ಕುಂತು ಹೆಂಗ ನುಂಗ್ಲಿ? ಹಂಚಿ ತಿನ್ನಬೇಕಂತ ನೀವs ಕಲಿಸೀರಿ."

ಅಜ್ಜಾರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನಡಿ, ಉಣ್ಣೂಣು."

ಅಂದು ಪಂಕ್ತಿಯಲ್ಲಿ ಅಜ್ಜಾರೇ ಬಡಿಸಿದರು. ಕೈಯಲ್ಲಿ ಒಂದೇ ರೊಟ್ಟಿ. ಮುರಿದು ಮುರಿದು ಅದನ್ನೇ ಇಡೀ ಮಠಕ್ಕೆ ಹಂಚಿದರು. ಚೆನ್ನಮಲ್ಲನ ತಾಟಿಗೆ ಉಗುರಿನಷ್ಟು ಬಿತ್ತು.

"ಊಟ ಮುಗೀತು, ಏಳ್ರಿ."

ಯಾರೂ ಏಳಲಿಲ್ಲ. ಒಳಗಿನಿಂದ ಎಣ್ಣೆಗಾಯಿ ವಾಸನೆ ಬೇರೆ ಬರುತ್ತಿತ್ತು.

"ಇದು ಯಾರ ಹಸಿವಿಗೂ ಸಾಲಲಿಲ್ರಿ ಅಜ್ಜಾರ" ಎಂದ ಚೆನ್ನಮಲ್ಲ.

"ಹಂಚೀನಲ್ಲೋ!"

ಚೆನ್ನಮಲ್ಲ ತಾಟು ನೋಡಿದ. ಸಂಗಯ್ಯನನ್ನೂ ನಿಂಗಪ್ಪನನ್ನೂ ನೋಡಿದ. ನಾಲಿಗೆ ಕಚ್ಚಿಕೊಂಡ.

"ಮೂರೂ ಮಂದಿ ನಾಳೆ ಅದs ಡಾಕ್ಟರ ಕಡೆ ಹೋಗ್ರಿ" ಎಂದರು ಅಜ್ಜಾರು. "ಅವರವರ ಹೊಟ್ಟಿ, ಅವರವರ ಗುಳಿಗಿ." ಆಮೇಲೆ ರೊಟ್ಟಿ ಬುಟ್ಟಿ ತರಿಸಿದರು.

"ಗುಡ್ಡಕ್ಕ ಹೋಗೂದ್ರಿ?"

"ತಡಾ ಮಾಡಿ ಹೋಗೂಣು. ಮಲ್ಲಯ್ಯ ಗುಡ್ಡಾ ಬಿಟ್ಟು ಎಲ್ಲಿ ಓಡಿ ಹೋಗ್ತಾನ?"

ಡಾಕ್ಟರು ಬೈದು ಬೇರೆ ಔಷಧ ಬರೆದರು. ಈ ಸಲ ಚೆನ್ನಮಲ್ಲ ಒಂದು ಗುಳಿಗೆಯನ್ನೂ ಬಿಡಲಿಲ್ಲ, ಯಾರಿಗೂ ಕೊಡಲಿಲ್ಲ. ಸೋಂಕು ಹೋಯಿತು, ಬಾವು ಇಳಿಯಿತು. ಆಪರೇಷನ್ ಸುಸೂತ್ರವಾಗಿ ಮುಗಿದು ಗಾಯ ಚೆನ್ನಾಗಿ ಮಾಯಿತು. ಬರಬರುತ್ತ ಅಂಗಿ ಜೋತುಬಿದ್ದವು.

ಚಳಿಗಾಲದ ಒಂದು ಮುಂಜಾನೆ ಜೋಳಿಗೆ ಮತ್ತೆ ಅವನ ಹೆಗಲಿಗೆ ಬಂತು. ಅವನ ಹಿಗ್ಗಿಗೆ ಪಾರವೇ ಇಲ್ಲ. ಗುರುಗಳಿಗಿಂತ ಮುಂದೆ ಮುಂದೆ ನಡೆದು ಬೈಸಿಕೊಂಡ. ಬೈಗುಳವೂ ಸಿಹಿಯೆನಿಸಿತು.

ಅರ್ಧ ಗುಡ್ಡ ಹತ್ತಿ ಬುತ್ತಿ ಬಿಚ್ಚಿದರು. ಅಜ್ಜಾರು ಕೈಯಾರೆ ಅವನಿಗೊಂದು ರೊಟ್ಟಿ ಕೊಟ್ಟರು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು. ಗುರು ಕೊಟ್ಟ ಪ್ರಸಾದ, ಬಿಡುವಂತಿಲ್ಲ. ತಿನ್ನೋಣವೆಂದರೆ ಒಳಗೆ ಜಾಗವಿಲ್ಲ. ಚೆನ್ನಮಲ್ಲನ ಮುಖ ಬಾಡಿತು.

ಅಜ್ಜಾರು ಕೈಚಾಚಿ, ಅವನು ಕಚ್ಚಿ ಉಳಿಸಿದ್ದ ರೊಟ್ಟಿ ತೆಗೆದುಕೊಂಡು ಬಾಯಿಗಿಟ್ಟರು.

"ಅಯ್ಯೋ ಅಜ್ಜಾರ! ಅದು ಶಿಷ್ಯನ ಎಂಜಲ್ರಿ!"

ಅಜ್ಜಾರು ನಿಧಾನಕ್ಕೆ ಅಗಿದು ನುಂಗಿದರು.

"ಇಷ್ಟ ವರ್ಷ ನೀ ಏನಾರ ಉಳಿಸಿದ್ರಲ್ಲೇನೋ, ನಾ ತಿನ್ನೂದು!"