ದೇವದಾರುವಿನ ಇನ್ನೊಂದು ಬದಿ

ಹಿಮಾಲಯದ ಒಂದು ಕಣಿವೆಯಲ್ಲಿ ಛೆರಿಂಗ್ ಎಂಬ ಗುರುಗಳಿದ್ದರು. ಮರದ ಉಂಗುರಗಳನ್ನು ನೋಡಿ, ಹಿಂದಿನ ಕಾಲದಲ್ಲಿ ಚಳಿ ಎಷ್ಟಿತ್ತು, ಬೇಸಿಗೆ ಹೇಗಿತ್ತು ಎಂದು ಹೇಳುವುದು ಅವರ ವಿದ್ಯೆ. ಅಲ್ಲಿನ ದೇವದಾರು ವರ್ಷಕ್ಕೊಂದು ಉಂಗುರ ಕಟ್ಟಿಕೊಳ್ಳುತ್ತದೆ. ಒಳ್ಳೆಯ ವರ್ಷದ ಉಂಗುರ ಅಗಲ, ಕೆಟ್ಟ ವರ್ಷದ್ದು ಕೂದಲೆಳೆ. ಮರ ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯಿಂದ ಕೊರೆದರೆ ಪೆನ್ಸಿಲಿನಂಥ ಕಡ್ಡಿಯೊಂದು ಹೊರಬರುತ್ತದೆ. ಅದರಲ್ಲೇ ಎಲ್ಲ ಉಂಗುರಗಳೂ ಗೆರೆಗಳಾಗಿ ಕಾಣುತ್ತವೆ.

ಗುರುಗಳದು ಒಂದೇ ಕಟ್ಟುನಿಟ್ಟು. ಪ್ರತಿ ಮರವನ್ನೂ ಎರಡು ಬದಿಯಿಂದ ಕೊರೆಯಬೇಕು. ತೀರಾ ಕೆಟ್ಟ ವರ್ಷದಲ್ಲಿ ಮರವು ಒಂದು ಬದಿಗೆ ಉಂಗುರವನ್ನೇ ಕಟ್ಟದಿರುವುದುಂಟು.

ಆ ಊರಿನಲ್ಲಿ ಬೀಜದ ಬಾರ್ಲಿ ತುಂಬಿಡುವ ಒಂದು ಕಣಜವಿತ್ತು. ಹಿಂದೊಮ್ಮೆ ಬೇಸಿಗೆಯೇ ಬಾರದೆ ಜನ ಹಸಿವಿನಿಂದ ಸತ್ತರಂತೆ. ಉಳಿದವರು ಅದನ್ನು ಕಟ್ಟಿದರಂತೆ. ಈಗಿನವರಿಗೆ ನಂಬಿಕೆ ಇರಲಿಲ್ಲ.

"ಬೇಸಿಗೆ ಬಾರದ ವರ್ಷವಂತೆ! ಇಲಿ ಸಾಕೋದಕ್ಕೆ ಒಂದು ಕಣಜ ಬೇಕಾ?" ಎಂದು ಯುವಕರು ನಗುತ್ತಿದ್ದರು. ಅದನ್ನು ಕೆಡವುವ ಮೊದಲು, ಅಂಥ ವರ್ಷ ನಿಜಕ್ಕೂ ಬಂದಿತ್ತೇ ಎಂದು ಗುರುಗಳನ್ನು ಕೇಳೋಣ ಎಂದಾಯಿತು.

ಕೆಳಗಿನ ಕಾಡಿನ ಮರಗಳಲ್ಲಿ ಗುರುಗಳು ಆ ವರ್ಷದ ಸಣ್ಣ ಗೆರೆಯನ್ನು ಕಂಡಿದ್ದರು. ಆದರೂ ಖಚಿತಪಡಿಸಿಕೊಳ್ಳಲು, ಬಂಡೆಯ ಮೇಲಿದ್ದ ಎಲ್ಲಕ್ಕಿಂತ ಹಳೆಯ ದೇವದಾರುವಿನ ಬಳಿಗೆ ಕೇಸಂಗ್ ಎಂಬ ಶಿಷ್ಯೆಯನ್ನು ಕಳಿಸಿದರು.

ಕೇಸಂಗ್ ಒಂದು ಬದಿ ಕೊರೆದಳು. ಇನ್ನೊಂದು ಬದಿಯಲ್ಲಿ ಪ್ರಪಾತ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಗಾಳಿ ಬೀಸುತ್ತಿತ್ತು, ಬೆರಳು ಮರಗಟ್ಟಿತ್ತು. ಅವಳು ಮೊದಲ ತೂತಿನಿಂದ ಒಂದು ಗೇಣು ಪಕ್ಕದಲ್ಲೇ ಮತ್ತೊಂದು ಕೊರೆದು ಊರಿಗೆ ಮರಳಿದಳು.

"ಎರಡೂ ಬದಿ ಕೊರೆದೆಯೇನಮ್ಮಾ?"

"ಹೂಂ, ಗುರುಗಳೇ."

ಗುರುಗಳು ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಎರಡರಲ್ಲೂ ಆ ವರ್ಷವಿರಲಿಲ್ಲ.

ಮರುದಿನ ಊರು ಸೇರಿತು. ಗುರುಗಳು ಎದ್ದುನಿಂತು ಕೈಮುಗಿದರು. "ಕೆಳಗಿನ ಮರಗಳಲ್ಲಿ ಹಿಮದ ಹೊಡೆತದಿಂದ ಎದ್ದ ಗೆರೆಯನ್ನು ನಾನು ಒಂದು ವರ್ಷದ ಉಂಗುರವೆಂದು ತಿಳಿದಿದ್ದೆ ಅಂತ ಕಾಣುತ್ತದೆ. ಹಿರಿಯ ಮರ ಎರಡು ಬದಿಯಿಂದಲೂ ಇಲ್ಲ ಎನ್ನುತ್ತಿದೆ. ನನ್ನನ್ನು ಕ್ಷಮಿಸಿ."

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು: "ಹಾಗಾದರೆ ನಮ್ಮಜ್ಜಿ ಆ ವರ್ಷ ತನ್ನ ಮಕ್ಕಳನ್ನು ಮಣ್ಣು ಮಾಡಿದೆ ಅಂದದ್ದು ಸುಳ್ಳಾ, ಅಪ್ಪಾ?"

ಗುರುಗಳು ತಲೆ ತಗ್ಗಿಸಿದರು.

ಆ ಬಗ್ಗಿದ ತಲೆಯನ್ನು ಕೇಸಂಗ್‌ಗೆ ನೋಡಲಾಗಲಿಲ್ಲ. ಎದ್ದಳು.

"ಎರಡು ಬದಿ ಅಲ್ಲ, ಗುರುಗಳೇ. ಒಂದೇ ಬದಿ. ನಾನು ಸುಳ್ಳು ಹೇಳಿದೆ."

ಯಾರೂ ಬೈಯಲಿಲ್ಲ. ಬೈದಿದ್ದರೂ ಅವಳಿಗೆ ಹಗುರಾಗುತ್ತಿತ್ತು.

ಗುರುಗಳು ಹಗ್ಗ ತೆಗೆದುಕೊಂಡು ಅವಳೊಂದಿಗೆ ಹೊರಟರು. ಬಂಡೆಯ ಮೇಲೆ ಹಗ್ಗದ ತುದಿಯನ್ನು ತಾವೇ ಹಿಡಿದು ನಿಂತರು. ಪ್ರಪಾತದ ಬದಿಗೆ ಇಳಿದ ಕೇಸಂಗ್ ಕೊರೆದು ತಂದ ಕಡ್ಡಿಯಲ್ಲಿ ಆ ವರ್ಷವಿತ್ತು, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ.

ಕಣಜ ಉಳಿಯಿತು. ಕೇಸಂಗ್ ಆ ಕಡ್ಡಿಯನ್ನು ಮುದುಕಿಯ ಮನೆಗೆ ಒಯ್ದು ಗೆರೆ ತೋರಿಸಿದಳು. ಮುದುಕಿ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಅವಳನ್ನು ಒಳಗೆ ಕರೆಯಲಿಲ್ಲ.

ಗುರುಗಳು ಬೈರಿಗೆಯನ್ನು ಕೇಸಂಗ್ ಕೈಯಿಂದ ಕಿತ್ತುಕೊಳ್ಳಲಿಲ್ಲ. ಮುಂದೆಯೂ, ಅವಳು ಕಾಡಿನಿಂದ ಬಂದಾಗಲೆಲ್ಲ, ಹಿಂದಿನ ದನಿಯಲ್ಲೇ ಕೇಳುತ್ತಿದ್ದರು: "ಎರಡೂ ಬದಿ ಕೊರೆದೆಯೇನಮ್ಮಾ?"

ಕೊರೆದೇ ಬಂದಿರುತ್ತಿದ್ದಳು. ಆದರೂ ಹೂಂ ಎನ್ನುವಾಗ ಪ್ರತಿ ಸಲವೂ ಅವಳ ಮುಖ ಬಿಸಿಯಾಗುತ್ತಿತ್ತು.

ನೀತಿ: ಮಾಡದ ಕೆಲಸವನ್ನು ಮಾಡಿದೆನೆಂದು ಹೇಳಬಾರದು. ನಮ್ಮನ್ನು ನಂಬಿದವರು ನಮ್ಮ ಸುಳ್ಳಿಗಾಗಿ ತಮ್ಮ ಸತ್ಯವನ್ನೇ ಬಿಟ್ಟುಕೊಡುತ್ತಾರೆ. ಸುಳ್ಳು ಹೇಳಿಬಿಟ್ಟಿದ್ದರೆ, ಅವರು ತಲೆ ತಗ್ಗಿಸುವ ಮೊದಲೇ ನಾವು ಒಪ್ಪಿಕೊಳ್ಳಬೇಕು.