ತೂಬಿನವನ ಗದ್ದೆ

ಮೂರು ನಾಡಿಗೆ ಒಂದೇ ಹೊಳೆ. ಮೇಲ್ನಾಡಲ್ಲಿ ಕಬ್ಬು ಬೆಳೀತಿದ್ರು, ನಡುನಾಡಲ್ಲಿ ಅರಿಶಿನ, ಕಡಲ ಹತ್ತಿರದ ಕೆಳನಾಡಲ್ಲಿ ಭತ್ತ. ಮೂರು ನಾಡಿನವರೂ ಉಣ್ಣೋದು ಆ ಭತ್ತದ ಅನ್ನಾನೇ.

ನೀರಿಗೆ ಜಗಳ ಬಂತು. ಮೂವರು ಅರಸರೂ ಹೊಳೆ ದಂಡೆಯ ಗುರು ಮಾಚಯ್ಯನವರ ಹತ್ತಿರ ಹೋದ್ರು. "ಯಾರ ಕಡೆಗೂ ಸೇರದ ಒಬ್ಬನ್ನ ಕೊಡಿ. ಮೇಲ್ನಾಡಿನ ಅಣೆಕಟ್ಟಿನ ತೂಬು ಅವನ ಕೈಲಿರಲಿ" ಅಂದ್ರು.

ಗುರುಗಳು ಶಿಷ್ಯ ಕಲಿನಾಥನ್ನ ಕಳಿಸಿದ್ರು.

ಹತ್ತು ದಿನ ಮೇಲ್ನಾಡಿಗೆ, ಆಮೇಲೆ ಹತ್ತು ದಿನ ನಡುನಾಡಿಗೆ, ಆಮೇಲೆ ಹತ್ತು ದಿನ ಕೆಳನಾಡಿಗೆ. ಕಲಿನಾಥ ಮಾಡಿದ ಪಾಲು ಇಷ್ಟೇ. ಯಾರಿಗೂ ತಪ್ಪು ಹುಡುಕಕ್ಕೆ ಆಗ್ಲಿಲ್ಲ.

ಎರಡನೇ ವರ್ಷ ಅವನು ಗುರುಗಳನ್ನ ನೋಡಕ್ಕೆ ಬಂದ. ಜಗಲಿ ಮೇಲೆ ಕೆಳನಾಡಿನ ಹಿರಿಯ ರೈತ ಹೆಂಗಸು ಪುಟ್ಟೀರವ್ವ ಕೂತಿದ್ಲು. ಮಡಿಲಲ್ಲಿ ಒಂದು ಹಿಡಿ ಭತ್ತದ ಸಸಿ. ಎಲ್ಲಾ ಹಳದಿ ತಿರುಗಿತ್ತು.

"ಓಹೋ, ನೀರಿನ ಯಜಮಾನ್ರು ಬಂದ್ರು! ಇನ್ನು ಎಂಟು ದಿನದಲ್ಲಿ ನೀರು ಬರದಿದ್ರೆ ನಾಟಿಗೆ ಒಂದು ಸಸೀನೂ ಉಳಿಯಲ್ಲ. ಆಮೇಲೆ ಮೂರು ನಾಡಿನವರೂ ಕಬ್ಬು ಅಗೀತಾ ಕೂತ್ಕೊಳ್ಳಿ."

ಕಲಿನಾಥನ ಕಿವಿ ಬಿಸಿಯಾಯ್ತು. "ಗುರುಗಳೇ, ನಾನು ಒಂದು ಹನೀನೂ ಕದ್ದಿಲ್ಲ."

"ಕದ್ದೆ ಅಂತ ಯಾರಂದ್ರು? ಕೆಳನಾಡಿನ ಸರದಿ ಯಾಕೆ ತಡ ಆಯ್ತು?" ಅಂತ ಗುರುಗಳು ಕೇಳಿದ್ರು.

"ಬಿಸಿಲು ಜಾಸ್ತಿ ಇತ್ತು. ಮೇಲ್ನಾಡಿನವರು ಇನ್ನೂ ನಾಲ್ಕು ದಿನ ಕೇಳಿದ್ರು, ಕೊಟ್ಟೆ. ಅವರಿಗೆ ಕೊಟ್ಟ ಮೇಲೆ ನಡುನಾಡಿನವರೂ ಕೇಳಿದ್ರು."

"ಸರಿ. ನಿನ್ನ ಊಟಕ್ಕೇನು ದಾರಿ?"

"ಮೇಲ್ನಾಡಿನ ಅರಸರು ಒಂದು ಗದ್ದೆ ಕೊಟ್ಟಿದ್ದಾರೆ. ತೂಬಿನ ಪಕ್ಕದಲ್ಲೇ. ಓಡಾಟ ಕಮ್ಮಿ ಆಗ್ಲಿ ಅಂತ."

"ಆ ನಾಲ್ಕು ದಿನ ಅದಕ್ಕೂ ನೀರು ಹರೀತಾ?"

"ಹರೀತು" ಅಂದ ಕಲಿನಾಥ. ದಿನಾ ಬೆಳಗ್ಗೆ ಆ ಹಸಿರು ನೋಡ್ತಾನೇ ಅವನು ಹಲ್ಲುಜ್ಜುತ್ತಿದ್ದ. ಬಿಸಿಲು ಜಾಸ್ತಿ ಅಂತ ಅವನಿಗೂ ಅನ್ನಿಸಿದ್ದು ತನ್ನ ಪೈರು ನೋಡಿದಾಗಲೇ.

ಪುಟ್ಟೀರವ್ವ ನಕ್ಕುಬಿಟ್ಲು. "ಅಯ್ಯೋ ದೇವ್ರೇ! ನಮ್ಮೂರಲ್ಲಿ ಕೆರೆ ನೀರು ಬಿಡೋ ನೀರುಗಂಟಿಗೆ ಗದ್ದೆ ಕೊಡೋದು ಕಾಲುವೆ ಕೊನೇಲಿ ಕಣಪ್ಪಾ. ಎಲ್ಲರ ಗದ್ದೆ ದಾಟಿದ ಮೇಲೇನೇ ಅವನಿಗೆ ನೀರು. ಇಷ್ಟು ಓದಿದ್ದೀಯ, ಇದು ಗೊತ್ತಿಲ್ವಾ?"

ಕಲಿನಾಥ ಎದ್ದು ನಿಂತ. "ಇವತ್ತೇ ಹೋಗಿ ಕೆಳನಾಡಿಗೆ ನೀರು ಬಿಡ್ತೀನಿ. ಆ ಗದ್ದೇನೂ ವಾಪಸ್ ಕೊಡ್ತೀನಿ. ನಂಗೆ ಯಾವ ಗದ್ದೇನೂ ಬೇಡ."

"ಬೇಡ ಅಂದ್ರೆ? ಗಾಳಿ ಕುಡ್ಕೊಂಡು ಇರ್ತೀಯಾ?" ಅಂದ್ರು ಗುರುಗಳು. ಪುಟ್ಟೀರವ್ವನ ಕಡೆ ತಿರುಗಿದ್ರು. "ಹೊಳೆ ಕಡಲು ಸೇರೋ ಕಡೆ ಕಟ್ಟಕಡೇ ಗದ್ದೆ ಯಾರದಮ್ಮಾ?"

"ಯಾರದೂ ಅಲ್ಲ ಸ್ವಾಮಿ. ಉಪ್ಪುನೀರಿಗೆ ಹೆದರಿ ಯಾರೂ ಉಳಲ್ಲ."

"ಇವನಿಗೆ ಅದನ್ನ ಕೊಡ್ಸು."

"ಆಗ್ಲಿ. ಉಳಕ್ಕೆ ನನ್ನ ಮಕ್ಕಳಿದ್ದಾರೆ."

ಕಲಿನಾಥ ಗಾಬರಿಯಾದ. "ಗುರುಗಳೇ, ಅಲ್ಲಿ ಹೊಳೆ ನೀರಿನ ಸರದಿ ಒಂದು ದಿನ ತಡ ಆದ್ರೂ ಉಪ್ಪು ಏರಿ ಪೈರೆಲ್ಲ ಸುಟ್ಟುಹೋಗುತ್ತೆ!"

ಗುರುಗಳು ಅಂದ್ರು: "ಹಂಗಾದ್ರೆ ಇನ್ಮೇಲೆ ತಡ ಆಗಲ್ಲ ಬಿಡು."