ನೀಲವ್ವನ ಗಾಡಿಯ ಕೊಕ್ಕೆ

ಘಟ್ಟ ಇಳಿದು ಹೊಳೆ ಸಿಗುವಲ್ಲಿ ಉಸ್ತಾದ್ ದಾವಲಸಾಬರ ಶೆಡ್ಡು. ಅದಕ್ಕೆ ಬೋರ್ಡಿರಲಿಲ್ಲ. ಬೇಕಾದವರಿಗೆ ದಾರಿ ಗೊತ್ತಿತ್ತು, ಬೇಡದವರಿಗೆ ಅಲ್ಲಿ ಕೆಲಸವಿರಲಿಲ್ಲ.

ಕಮರಿಗೆ ಜಾರಿದ, ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಟೋಯಿಂಗ್ ಗಾಡಿಗಳಿರುತ್ತವಲ್ಲ, ಅವುಗಳ ಕೊಕ್ಕೆ, ಸರಪಳಿ, ಉಕ್ಕಿನ ಹಗ್ಗ, ಹಗ್ಗ ಸುತ್ತುವ ವಿಂಚು, ಇಷ್ಟನ್ನೇ ಅವರು ರಿಪೇರಿ ಮಾಡುತ್ತಿದ್ದರು. ಎಂಜಿನ್ನಿಗೆ ಕೈ ಹಚ್ಚುತ್ತಿರಲಿಲ್ಲ.

ಯಾಕೆ ಎಂದು ಶಿಷ್ಯ ಹೊಳಬಸಪ್ಪ ಬಂದ ಹೊಸತರಲ್ಲಿ ಕೇಳಿದ್ದ.

"ಎಂಜಿನ್ ಕೆಟ್ರ ಗಾಡಿ ನಿಂದರತೈತಿ," ಎಂದಿದ್ದರು ಉಸ್ತಾದರು. "ಕೊಕ್ಕಿ ಕೆಟ್ರ ನಿಂದರಂಗಿಲ್ಲ."

ಆ ಶೆಡ್ಡಿಗೊಂದು ಪದ್ಧತಿಯಿತ್ತು. ರಿಪೇರಿಯಾದ ಸಾಮಾನನ್ನು ಹೊರಗೆ ಕೊಡುವ ಮೊದಲು, ಕಲ್ಲು ತುಂಬಿದ ಹಳೇ ಲಾರಿಯೊಂದನ್ನು ಹೊಳೆಯ ಇಳಿಜಾರಿನಿಂದ ಮೇಲಕ್ಕೆ ಎಳೆದು ನೋಡಬೇಕು. ಎಳೆಯುವಾಗ ಎಲ್ಲರೂ ದೂರ ಸರಿಯುತ್ತಾರೆ. ಕೊಕ್ಕೆ ಮುರಿದರೆ ಬಿಗಿದ ಹಗ್ಗ ಚಾಟಿಯ ಹಾಗೆ ಬೀಸುತ್ತದೆ. ಅದರ ಏಟಿಗೆ ಸಿಕ್ಕವನು ಉಳಿಯುವುದಿಲ್ಲ.

ಉಸ್ತಾದರು ಮಾತ್ರ ಆ ಹಗ್ಗದ ಪಕ್ಕದಲ್ಲೇ ನಿಲ್ಲುತ್ತಿದ್ದರು. ತಮ್ಮ ಕೆಲಸಕ್ಕೂ ನಿಲ್ಲುತ್ತಿದ್ದರು, ಶಿಷ್ಯನ ಕೆಲಸಕ್ಕೂ ನಿಲ್ಲುತ್ತಿದ್ದರು.

ಹೊಳಬಸಪ್ಪನಿಗೆ ಘಟ್ಟದ ಮೇಲೆ ತನ್ನದೇ ಶೆಡ್ಡು ಹಾಕುವ ಆಸೆ. ಆದರೆ ಉಸ್ತಾದರ ಬಾಯಿಂದ "ಹೋಗು" ಎಂಬ ಮಾತು ಬಾರದೆ ಆ ರಸ್ತೆಯ ಯಾವ ಡ್ರೈವರನೂ ಅವನ ಕೈಗೆ ಸಾಮಾನು ಕೊಡುವುದಿಲ್ಲ. ಕೈ ಎಂದೋ ಪಳಗಿತ್ತು, ಕಿವಿಯ ಮೇಲಿನ ಕೂದಲೂ ನರೆಯತೊಡಗಿತ್ತು. ಆ ಒಂದು ಮಾತು ಮಾತ್ರ ಬಂದಿರಲಿಲ್ಲ.

ಒಂದು ಶುಕ್ರವಾರ ಉಸ್ತಾದರು ನಮಾಜಿಗೆ ಹೋದ ಹೊತ್ತಿಗೆ ನೀಲವ್ವನ ಟೋಯಿಂಗ್ ಗಾಡಿ ಬಂದು ನಿಂತಿತು. ಗಂಡ ಹೋದ ಮೇಲೆ ಆ ಗಾಡಿಯ ಯಜಮಾನಿಕೆ ಅವಳದೇ. ಓಡಿಸಲಿಕ್ಕೆ ಒಬ್ಬ ಡ್ರೈವರನನ್ನು ಇಟ್ಟುಕೊಂಡಿದ್ದಳು.

"ತಮ್ಮಾ, ಮ್ಯಾಲಿನ ತಿರುವಿನ್ಯಾಗ ಲಾರಿ ಜೋತು ಬಿದ್ದೈತಿ," ಎಂದಳು. "ಕೊಕ್ಕಿ ಯಾಕೋ ಸರಿ ಕಾಣವಲ್ದು, ನೋಡಿ ಕೊಡು. ಸಂಜೀ ಒಳಗ ಎತ್ತದಿದ್ರ ಪಟ್ಟಣದಿಂದ ಕ್ರೇನ್ ತರಸ್ತಾರ. ಒಮ್ಮೆ ಅದು ಬಂತಂದ್ರ ಮತ್ತ ನನ್ನ ಯಾರೂ ಕರೆಯಂಗಿಲ್ಲ."

ಹೊಳಬಸಪ್ಪ ಕೊಕ್ಕೆ ಬಿಚ್ಚಿ ನೋಡಿದ. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಬಿರುಕು ಬಿಟ್ಟ ಕೊಕ್ಕೆಗೆ ರಿಪೇರಿಯಿಲ್ಲ. ಅದನ್ನು ಕತ್ತರಿಸಿ ಗುಜರಿಗೆ ಹಾಕಬೇಕು. ವೆಲ್ಡಿಂಗ್ ಮಾಡಿದರೆ ನೋಡಲು ಗಟ್ಟಿಯಾಗಿರುತ್ತದೆ, ಭಾರ ಬಿದ್ದಾಗ ಯಾವ ಗಳಿಗೆಗೆ ಕೈ ಕೊಡುತ್ತದೋ ಹೇಳಲಾಗದು. ಅವನು ಆ ಶೆಡ್ಡಿನಲ್ಲಿ ಕಲಿತ ಮೊದಲ ಪಾಠವೇ ಅದು.

ಹೊಸ ಕೊಕ್ಕೆ ಹುಬ್ಬಳ್ಳಿಯಿಂದ ಬರಬೇಕು, ಅದೂ ನಾಳೆ. ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಅವನಿಗೆ ಕರುಳು ಚುರುಕ್ಕೆಂದಿತು. ತನ್ನ ಕೈಯ ವೆಲ್ಡಿಂಗ್ ಎಂದೂ ಬಿಟ್ಟಿಲ್ಲ ಎಂಬ ಸೊಕ್ಕೂ ಒಳಗೊಳಗೇ ಇತ್ತು. ಕರುಣೆಯ ಹಿಂದೆ ಅವಿತುಕೊಂಡರೆ ಸೊಕ್ಕು ತಟ್ಟನೆ ಕಾಣುವುದಿಲ್ಲ.

ಅವನು ಬಿರುಕಿಗೆ ವೆಲ್ಡಿಂಗ್ ಮಾಡಿದ. ಉಜ್ಜಿ ನುಣುಪು ಮಾಡಿದ. ಮೇಲೆ ಕರಿ ಬಣ್ಣ ಬಳಿದ. ಕೊಕ್ಕೆಯನ್ನು ಗಾಡಿಯ ಹಗ್ಗಕ್ಕೆ ಹಾಕಿ ಕಲ್ಲಿನ ಲಾರಿಗೆ ಸಿಕ್ಕಿಸುವಷ್ಟರಲ್ಲಿ ಉಸ್ತಾದರು ಬಂದರು.

"ಆತೇನು?"

"ಆತ್ರಿ."

ಉಸ್ತಾದರು ಕೊಕ್ಕೆಯತ್ತ ಕಣ್ಣು ಹಾಯಿಸಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಜೇಬಿನಲ್ಲಿಟ್ಟುಕೊಂಡು, ನೆಟ್ಟಗೆ ಹೋಗಿ ಹಗ್ಗದ ಪಕ್ಕ ನಿಂತರು.

"ಎಳಿ," ಎಂದರು.

ಹೊಳಬಸಪ್ಪ ವಿಂಚಿನ ಲಿವರ್ ಹಿಡಿದ. ಹಗ್ಗ ನೆಲ ಬಿಟ್ಟು ಎದ್ದಿತು, ಬಿಗಿಯಿತು. ಕೆಳಗೆ ಕಲ್ಲಿನ ಲಾರಿ ಕಿರ್ರೆಂದಿತು. ಉಸ್ತಾದರು ಹೊಳೆಯ ಕಡೆ ನೋಡುತ್ತ ನಿಂತಿದ್ದರು. ಅವರ ಬಿಳಿ ಗಡ್ಡ ಗಾಳಿಗೆ ಅಲುಗುತ್ತಿತ್ತು.

ಇನ್ನೊಂದಿಷ್ಟು ಎಳೆದರೆ ಪೂರ್ತಿ ಭಾರ ಕೊಕ್ಕೆಯ ಮೇಲೆ ಬೀಳುತ್ತದೆ. ಹೊಳಬಸಪ್ಪನ ಕೈ ಲಿವರ್ ಬಿಟ್ಟಿತು.

"ಉಸ್ತಾದ್ರ, ಅಲ್ಲಿಂದ ಸರೀರಿ."

"ಯಾಕ?"

"ಕೊಕ್ಕಿ ಬಿರುಕು ಬಿಟ್ಟಿತ್ರಿ. ವೆಲ್ಡಿಂಗ್ ಮಾಡೇನಿ."

ಉಸ್ತಾದರು ಸರಿಯಲಿಲ್ಲ. ಹಗ್ಗ ಸಡಿಲವಾಗುವವರೆಗೆ ಅಲ್ಲೇ ನಿಂತು, ಆಮೇಲೆ ನೀಲವ್ವನ ಕಡೆ ತಿರುಗಿದರು.

"ತಂಗೀ, ಘಟ್ಟದಾಗ ಎಳೆಯೂ ಮುಂದ ಈ ಜಾಗಾದಾಗ ಯಾರ್ ನಿಂದರತೀರಿ?"

"ನಾನ ನಿಂದರತೀನ್ರಿ," ಎಂದಳು ನೀಲವ್ವ. "ಡ್ರೈವರಗ ಕೈ ಮಾಡಿ ತೋರಿಸಾಕ ಒಬ್ರು ಬೇಕಲ್ರಿ."

ಹೊಳಬಸಪ್ಪ ಅವಳತ್ತ ತಿರುಗಿ ನೋಡಿದ. ಇವಳ ಮೇಲಿನ ಕನಿಕರಕ್ಕೆ ಮಾಡಿದ ಕೆಲಸ ಇವಳನ್ನೇ ನುಂಗುತ್ತಿತ್ತು. ಯಾರು ನಿಲ್ಲುತ್ತೀರಿ ಎಂದು ತಾನು ಕೇಳಲೇ ಇಲ್ಲ.

ಉಸ್ತಾದರು ಆ ಕೊಕ್ಕೆ ಬಿಚ್ಚಿ ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಿದರು. ಅವರು ಶೆಡ್ಡಿನೊಳಗೆ ಹೋಗಿ, ಎಲ್ಲ ಭಾರ ಎತ್ತುವ ಸರಪಳಿ ರಾಟೆಯಿಂದ ತಮ್ಮ ಸ್ವಂತ ಕೊಕ್ಕೆ ಬಿಚ್ಚಿ ತಂದು ಶಿಷ್ಯನ ಕೈಗಿಟ್ಟರು.

"ಹಾಕು."

"ಇದಿಲ್ಲದಿದ್ರ ನಮ್ಮ ಕೆಲಸ ನಿಂದರತೈತ್ರಿ."

"ನಿಂದರಲಿ."

ಕೊಕ್ಕೆ ಹಾಕಿದ ಹೊಳಬಸಪ್ಪ ಲಿವರಿನ ಬಳಿಗೆ ಹೋಗಲಿಲ್ಲ. ಹಗ್ಗದ ಪಕ್ಕ ಹೋಗಿ ನಿಂತ. ಏಟು ಬಿದ್ದರೆ ತನಗೇ ಬೀಳಲಿ ಎಂದು ಅವನ ಮನಸ್ಸು ಹೇಳುತ್ತಿತ್ತು.

ಉಸ್ತಾದರು ಅವನ ತೋಳು ಹಿಡಿದು ಈಚೆಗೆ ತಂದರು. "ಅದು ನನ್ನ ಜಾಗ. ನೀ ಲಿವರ್ ಹಿಡಿ."

"ಕೈ ನಡುಗಾಕ್ಹತ್ಯಾವ್ರಿ."

"ನಡುಗೂ ಕೈಲೆ ಎಳಿ."

ಅವನು ಎಳೆದ. ಲಾರಿ ಮೆಲ್ಲಗೆ ಇಳಿಜಾರು ಹತ್ತಿ ಮೇಲೆ ಬಂತು. ನೀಲವ್ವ ಉಸ್ತಾದರಿಗೆ ಕೈ ಮುಗಿದು, ಹೊಳಬಸಪ್ಪನ ಮುಖ ಒಂದು ಕ್ಷಣ ನೋಡಿ, ಗಾಡಿ ಹತ್ತಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಸಂಜೆ ನೀಲವ್ವನ ಗಾಡಿ ಲಾರಿಯನ್ನು ಎಳೆದುಕೊಂಡು ಸೇತುವೆ ದಾಟಿತು. ಆಮೇಲೆ ಇಬ್ಬರೂ ಹೊಳೆಗೆ ಇಳಿದು ಕೈಕಾಲು ತೊಳೆದರು. ಎಣ್ಣೆಯ ಕರೆ ಹೋಗಲೆಂದು ಹೊಳಬಸಪ್ಪ ಮರಳಿನಲ್ಲಿ ಕೈ ಉಜ್ಜುತ್ತಲೇ ಇದ್ದ.

"ಉಸ್ತಾದ್ರ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ಹಸಿ ಬಣ್ಣದ ವಾಸನಿ ಬಾಗಲಕ್ಕ ಬಂದಿತ್ತು."

"ಗೊತ್ತಿದ್ದೂ ನಿಂತ್ರಿ?"

"ನಾ ಕೊಕ್ಕಿ ನಂಬಿ ನಿಂತಿದ್ದಿಲ್ಲ."

ಹೊಳಬಸಪ್ಪನ ಕಣ್ಣು ತುಂಬಿ ಬಂತು. ಅವನು ಅದನ್ನು ಮುಚ್ಚಿಡಲಿಲ್ಲ. ಕೇಳಬಾರದು ಎಂದುಕೊಂಡದ್ದನ್ನೇ ಕೇಳಿದ.

"ಇನ್ನ ನನಗ ಸ್ವಂತ ಶೆಡ್ಡಿನ ಮಾತು ಇಲ್ಲಲ್ರಿ?"

ಉಸ್ತಾದರು ದಂಡೆ ಹತ್ತಿ, ಹಿಂದೆ ಬರುತ್ತಿದ್ದವನಿಗೆ ಕೈ ಕೊಟ್ಟು ಮೇಲಕ್ಕೆಳೆದುಕೊಂಡರು.

"ಇವತ್ತ ನಾ ಅಲ್ಲೆ ನಿಂತದ್ದು ಕಂಡು ಲಿವರ್ ಬಿಟ್ಟಿ," ಎಂದರು. "ನಾ ಇಲ್ಲದ ಜಾಗಾದಾಗ ಯಾರ್ ನಿಂತ್ರೂ ನಾನ ನಿಂತಂಗ ಕಂಡ ದಿನ, ನನ್ನ ಕೇಳಬ್ಯಾಡ, ಹೋಗು."